ಉಳಿ, ಪಟಾಸಿ ಮತ್ತು ನಮ್ಮದೊಂದು ತಪ್ಪು

ಕಳೆದ ದಸರೆಗೆ ಬೊಂಬೆ ಕೂರಿಸಲು ಕಿಲಿಮಾನಿಯ ನಮ್ಮ ಮನೆಯಲ್ಲಿ ಸದಸ್ಯ ಬಂಧುಗಳು ಸೇರಿದ್ದು ಹಲವರಿಗೆ ನೆನಪಿರಬಹುದು. ಮರದ ಮೆಟ್ಟಿಲಿನ ಒಂದು ಹಲಗೆ ಸರಿಯಾಗಿ ಕೂರದೆ, ನ್‌ಗಾಂಗ್ ರಸ್ತೆಯ ಬದಿಯಲ್ಲಿ ಮಂಚ ಮೇಜು ಮಾಡುವ ಫುಂಡಿಯೊಬ್ಬರನ್ನು ಕರೆಸಿದೆವು. ಅವರು ಚೀಲದಿಂದ ಮರದ ಹಿಡಿಯ ಚಪ್ಪಟೆ ಉಕ್ಕಿನ ಉಪಕರಣವನ್ನು ತೆಗೆದೊಡನೆ ಮಕ್ಕಳು "ಪಟಾಸಿ" ಎಂದರು. ಒಬ್ಬ ಹುಡುಗಿ ನಮ್ಮನ್ನು ಕೇಳಿದಳು: "ಅಂಕಲ್, ಕನ್ನಡದಲ್ಲಿ ಇದಕ್ಕೆ ಏನಂತಾರೆ?"

ಅಲ್ಲಿದ್ದ ಹಿರಿಯರೆಲ್ಲ ಪದವೀಧರರು. ಯಾರ ಬಾಯಿಗೂ ಪದ ಬರಲಿಲ್ಲ. "ಚಿಸೆಲ್" ಎಂದು ಗೊಣಗಿದೆವು. ಆಗ ಊರಿನಿಂದ ಬಂದಿದ್ದ ಅಜ್ಜಿಯೊಬ್ಬರು ಅಡಿಗೆಮನೆಯಿಂದಲೇ "ಉಳಿ ಕಣ್ರೋ, ಉಳಿ" ಎಂದರು.

ನಾಚಿಕೆ ಮುಚ್ಚಿಕೊಳ್ಳಲು ನಾವು ಒಂದು ಪುಟ್ಟ ಭಾಷಣವನ್ನೇ ಮಾಡಿಬಿಟ್ಟೆವು. "ನೋಡಿ ಮಕ್ಕಳೇ, ಬೇಡದ್ದನ್ನು ಕೆತ್ತಿ ತೆಗೆದು ಬೇಕಾದದ್ದನ್ನು ಉಳಿಸುತ್ತದೆ, ಅದಕ್ಕೇ ಇದು ಉಳಿ!" ಎಲ್ಲರೂ ಚಪ್ಪಾಳೆ ತಟ್ಟಿದರು. ಆ ಹುಡುಗಿ ಅದನ್ನು ರಾಜ್ಯೋತ್ಸವದ ತನ್ನ ಭಾಷಣದಲ್ಲೂ ಸೇರಿಸಿಕೊಂಡಳು. ಆಮೇಲೆ ನಿಘಂಟು ತೆರೆದು ನೋಡಿದೆವು. ನಾವು ಹೇಳಿದ್ದು ತಪ್ಪು. ಮಗುವಿಗೆ ತಪ್ಪು ಕಲಿಸಿದ ಮೇಲೆ ತಿದ್ದುವ ಹೊಣೆಯೂ ನಮ್ಮದೇ. ಅದಕ್ಕಾಗಿ ಈ ಲೇಖನ.

ಫರ್ಡಿನಾಂಡ್ ಕಿಟೆಲ್ಲರು 1894ರಲ್ಲಿ ಮಂಗಳೂರಿನಲ್ಲಿ ಪ್ರಕಟಿಸಿದ ನಿಘಂಟಿನಲ್ಲಿ ಇವೆರಡೂ ಬೇರೆಬೇರೆ ಪದಗಳು. ಹಳಗನ್ನಡದಲ್ಲಿ ಈಗಿನ 'ಳ' ಅಲ್ಲದೆ 'ೞ' ಎಂಬ ಇನ್ನೊಂದು ಅಕ್ಷರವಿತ್ತು. ತಮಿಳರು, ಮಲಯಾಳಿಗಳು ಇಂದಿಗೂ ನಾಲಗೆ ಮಡಿಸಿ ಉಚ್ಚರಿಸುವ ಅಕ್ಷರವೇ ಅದು. ನಮ್ಮ ಕೋಳಿ ಆಗ 'ಕೋೞಿ' ಆಗಿತ್ತು. ಹಾಗೆಯೇ ಬಾಕಿಯಾಗು ಎಂಬ ಅರ್ಥದ ಕ್ರಿಯಾಪದ 'ಉೞಿ'. ಬಡಗಿಯ ಉಪಕರಣ ಮಾತ್ರ ಮೊದಲಿನಿಂದಲೂ 'ಉಳಿ'. ಕಾಲಕ್ರಮದಲ್ಲಿ ಕನ್ನಡದ ಬಾಯಲ್ಲಿ ೞ ಸವೆದು ಳ ಆಯಿತು. 13ನೆಯ ಶತಮಾನದ ಕೇಶಿರಾಜ ತನ್ನ 'ಶಬ್ದಮಣಿದರ್ಪಣ'ದಲ್ಲಿ ೞ ಬರುವ ಪದಗಳನ್ನು ಪಟ್ಟಿ ಮಾಡಿ ಕೊಡಬೇಕಾಯಿತು. ಕಿವಿಗೆ ವ್ಯತ್ಯಾಸ ತಿಳಿಯುವಂತಿದ್ದರೆ ಪಟ್ಟಿ ಏಕೆ ಬೇಕಿತ್ತು? ಹೀಗೆ ಸಂಬಂಧವೇ ಇಲ್ಲದ ಎರಡು ಪದಗಳು ಒಂದೇ ವೇಷ ತೊಟ್ಟು ನಮ್ಮನ್ನು ಏಮಾರಿಸಿದವು. ತಮಿಳು, ಮಲಯಾಳಗಳಲ್ಲಿಯೂ ಈ ಉಪಕರಣ 'ಉಳಿ'ಯೇ. ಎಂದರೆ ಇದು ಈ ಭಾಷೆಗಳು ಒಂದೇ ಮನೆಯಲ್ಲಿದ್ದ ಕಾಲದ ಮಾತು. ಅದನ್ನು ಹಿಡಿಯುವ 'ಬಡಗಿ' ಮಾತ್ರ ಸಂಸ್ಕೃತದ 'ವರ್ಧಕಿ'ಯಿಂದ ಬಂದವನು!

ಈ ಬಗೆಯ ತಪ್ಪು ನಮಗೊಬ್ಬರಿಗೇ ಮೀಸಲಲ್ಲ. ಫುಂಡಿ ತಂದಿದ್ದ ಚಪ್ಪಟೆ ಉಳಿಗೆ ಇಂಗ್ಲಿಷಿನಲ್ಲಿ 'ಫರ್ಮರ್ ಚಿಸೆಲ್' ಎನ್ನುತ್ತಾರೆ. ಫರ್ಮ್ ಎಂದರೆ ಗಟ್ಟಿ, ಆದ್ದರಿಂದ ಇದು ಗಟ್ಟಿ ಉಳಿ ಎಂದೇ ಅನೇಕರ ಭಾವನೆ. ನಿಜವಾಗಿ ಅದು ಫ್ರೆಂಚಿನ 'ಫೆರ್ಮ್ವಾರ್'ನಿಂದ ಬಂದದ್ದು. ಅದರ ಮೂಲದಲ್ಲಿರುವುದು ರೂಪ ಕೊಡು ಎಂಬ ಅರ್ಥದ ಕ್ರಿಯಾಪದ. ಅಂದರೆ ಅದು ರೂಪ ಕೊಡುವ ಉಳಿ. ಪರದೇಶದಲ್ಲಿ ರೆಸಿಡೆನ್ಸಿ ಮಾಡುವಾಗ ಮೂಳೆ ಶಸ್ತ್ರಚಿಕಿತ್ಸೆಯಲ್ಲಿ ನಾವೂ ಉಳಿ ಹಿಡಿದವರೇ. ಅಂಚು ಒಂದೇ ಕಡೆ ಇಳಿಜಾರಾಗಿದ್ದರೆ ಚಿಸೆಲ್, ಎರಡೂ ಕಡೆ ಇಳಿಜಾರಾಗಿದ್ದರೆ ಆಸ್ಟಿಯೋಟೋಮ್ ಎಂದು ಬಾಯಿಪಾಠ ಮಾಡಿದೆವು. ಇದಕ್ಕೆ ನಮ್ಮ ಭಾಷೆಯಲ್ಲಿ ಹೆಸರಿದೆ ಎಂದು ಒಮ್ಮೆಯೂ ನೆನೆಯಲಿಲ್ಲ.

ಇನ್ನು ಮಕ್ಕಳ 'ಪಟಾಸಿ'. ಅದೂ ನಮ್ಮ ನೆರೆಮನೆಯ ಮಾತೇ. ಮರಾಠಿಯಲ್ಲಿ ಬಡಗಿಯ ಚಪ್ಪಟೆ ಉಳಿಗೆ 'ಪಟಾಶಿ' ಎನ್ನುತ್ತಾರೆ. ಮರ ನುಣುಪು ಮಾಡುವ ಉಪಕರಣ ಹಿಂದಿಯಲ್ಲಿ 'ರಂದಾ', ಸ್ವಾಹಿಲಿಯಲ್ಲಿ 'ರಾಂಡಾ'. ರೈಲಿಗಿಂತ ಎಷ್ಟೋ ಮೊದಲಿನಿಂದ ಕಚ್ಛ್, ಗುಜರಾತ್, ಕೊಂಕಣದ ಕಡೆಯ ಹಡಗುಗಳು ಈ ತೀರಕ್ಕೆ ಬಂದುಹೋಗುತ್ತಿದ್ದವು. ಸರಕಿನ ಜೊತೆ ಮಾತೂ ಇಳಿಯಿತು. 1896ರಿಂದ 1901ರವರೆಗೆ ಯುಗಾಂಡ ರೈಲ್ವೆಗಾಗಿ ಭಾರತದಿಂದ ಸುಮಾರು 32,000 ಕರಾರು ಕೂಲಿಗಳು ಬಂದರು. ಬಹುಪಾಲು ಪಂಜಾಬಿನವರು. ಅವರಲ್ಲಿ ಬಡಗಿಗಳೂ ಕಮ್ಮಾರರೂ ಕಲ್ಲುಕುಟಿಗರೂ ಇದ್ದರು. ಸುಮಾರು 2,500 ಜನ ಇಲ್ಲೇ ತೀರಿಕೊಂಡರು. ಸುಮಾರು 6,700 ಜನ ಇಲ್ಲೇ ನೆಲೆಸಿದರು. 1899ರಲ್ಲಿ ಹಳಿ ಬಂದು ಮುಟ್ಟಿದ ಬಯಲೇ ಇಂದಿನ ನೈರೋಬಿ. ಸ್ಟೆತಸ್ಕೋಪು, ಲೆಕ್ಕದ ಪುಸ್ತಕ ಹಿಡಿದು ವಿಮಾನದಲ್ಲಿ ಬಂದ ನಮ್ಮಂಥವರಿಗಿಂತ ಬಹಳ ಮುಂಚೆ, ಉಳಿ ಹಿಡಿದವರು ಈ ಊರು ಕಟ್ಟಿದರು.

ನಮ್ಮ ನಾಡಿನಲ್ಲೂ ಹಾಗೆಯೇ. 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಗುಡಿಯಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಾವು ಕೆತ್ತಿದ ಶಿಲ್ಪಗಳ ಕೆಳಗೆ ತಮ್ಮ ಹೆಸರನ್ನೂ ಕೆತ್ತಿದ್ದಾರೆ. ದಾಸೋಜನ ಹೆಸರಿನ ಕೊನೆಯ 'ಓಜ' ಎಂದರೆ ಉಪಾಧ್ಯಾಯ. ಉಳಿ ಹಿಡಿದವನನ್ನು ಗುರು ಎಂದು ಕರೆದ ನಾಡು ನಮ್ಮದು. ಅಲ್ಲಿಂದ ಬಂದ ನಾವು ಉಳಿಯ ಹೆಸರನ್ನೇ ಮರೆತೆವು.

ಮೊನ್ನೆ ಆ ಹುಡುಗಿಯನ್ನು ಕೂರಿಸಿಕೊಂಡು ತಪ್ಪೊಪ್ಪಿಕೊಂಡೆವು. ಅವಳಿಗೆ ಬೇಸರವಾಯಿತು. "ಹಾಗಾದ್ರೆ ಉಳಿ ಅಂದ್ರೆ ಬರೀ ಉಳಿನಾ ಅಂಕಲ್?" ಎಂದಳು. "ಹೌದಮ್ಮ, ಬರೀ ಉಳಿ. ಆದರೆ ಬಹಳ ಹಳೆಯದು" ಎಂದೆವು.

ಬಂಧುಗಳಲ್ಲಿ ಒಂದು ವಿನಂತಿ. ನಿಮ್ಮ ಮನೆಗೆ ಊರಿನಿಂದ ಅಜ್ಜ ಅಜ್ಜಿ ಬಂದಾಗ ಬಾಚಿ, ಕೊಡತಿ, ಬೈರಿಗೆ, ಗರಗಸ ಎಂದರೆ ಏನೆಂದು ಮಕ್ಕಳಿಗೆ ತೋರಿಸಿ ಹೇಳಲು ಅವರನ್ನು ಕೇಳಿ. ನಾವು ಮರೆತ ಇನ್ನಷ್ಟು ಹೆಸರುಗಳು ಅವರ ಬಾಯಿಂದ ಬಂದರೆ ಬರೆದು ಕಳುಹಿಸಿ, ಮುಂದಿನ ಸಂಚಿಕೆಯಲ್ಲಿ ಹಾಕೋಣ. ಅರ್ಥ ವಿವರಿಸುವ ಮೊದಲು ಮಾತ್ರ ಒಮ್ಮೆ ನಿಘಂಟು ನೋಡಿ. ನಮ್ಮಂತೆ ಅವಸರ ಮಾಡಬೇಡಿ.