ಸಂತ್ರಸ್ತೆಯ ಬಗ್ಗೆ ಸಹಪಾಠಿಗಳ ಧೋರಣೆ: ತಪ್ಪು ಕಲ್ಪನೆ, ಕಾನೂನು ಮತ್ತು ನೆರವು

ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ವಿದ್ಯಾರ್ಥಿನಿಯು ಪೊಲೀಸರಿಗಿಂತ ಮೊದಲು ವಿಷಯ ತಿಳಿಸುವುದು ಬಹುಮಟ್ಟಿಗೆ ಗೆಳತಿಗೆ ಅಥವಾ ಸಹಪಾಠಿಗೆ. ಅವರ ಮೊದಲ ಮಾತು ಸಾಂತ್ವನವೋ ಅನುಮಾನವೋ ಎಂಬುದರ ಮೇಲೆ ಆಕೆ ದೂರು ನೀಡುವಳೇ, ಓದು ಮುಂದುವರಿಸುವಳೇ ಎಂಬುದು ನಿಂತಿರುತ್ತದೆ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ ಮತ್ತು ಎಚ್.ಡಿ.ಕೋಟೆ ತಾಲ್ಲೂಕುಗಳಲ್ಲಿ ಈ ಪ್ರಶ್ನೆ ಇನ್ನೂ ಗಂಭೀರವಾದುದು. ಹಳ್ಳಿ ಹಾಗೂ ಹಾಡಿಗಳಿಂದ ಬಸ್ಸಿನಲ್ಲಿ ಕಾಲೇಜಿಗೆ ಬರುವ ಹೆಣ್ಣುಮಕ್ಕಳಿಗೆ ‘ಮಾತು ಊರಿಗೆ ಮುಟ್ಟಿದರೆ ಓದು ನಿಂತೀತು’ ಎಂಬ ಭಯ ಸದಾ ಇರುತ್ತದೆ.

ಮೈಸೂರಿನ ಪಾಠ

2021ರ ಆಗಸ್ಟ್ 24ರಂದು ಮೈಸೂರಿನ ಚಾಮುಂಡಿ ಬೆಟ್ಟದ ತಪ್ಪಲಿನಲ್ಲಿ ವಿದ್ಯಾರ್ಥಿನಿಯೊಬ್ಬರ ಮೇಲೆ ಸಾಮೂಹಿಕ ಅತ್ಯಾಚಾರ ನಡೆಯಿತು. ಅಂದಿನ ಗೃಹ ಸಚಿವ ಆರಗ ಜ್ಞಾನೇಂದ್ರ ಅವರು, ನಿರ್ಜನ ಪ್ರದೇಶಕ್ಕೆ ಅವರು ಹೋಗಬಾರದಿತ್ತು ಎಂಬ ಅರ್ಥದ ಮಾತನಾಡಿ, ಟೀಕೆಯ ನಂತರ ಹಿಂಪಡೆದರು. ಅದೇ ವಾರ ಮೈಸೂರು ವಿಶ್ವವಿದ್ಯಾನಿಲಯವು ಸಂಜೆ 6.30ರ ಬಳಿಕ ಮಾನಸಗಂಗೋತ್ರಿಯಲ್ಲಿ ವಿದ್ಯಾರ್ಥಿನಿಯರು ಒಂಟಿಯಾಗಿ ಓಡಾಡಬಾರದೆಂದು ಸುತ್ತೋಲೆ ಹೊರಡಿಸಿತು. ನಿರ್ಬಂಧ ವಿದ್ಯಾರ್ಥಿನಿಯರಿಗೆ ಮಾತ್ರವೇಕೆ ಎಂಬ ಪ್ರಶ್ನೆ ಎದ್ದ ಮೇಲೆ ಅದನ್ನೂ ವಾಪಸು ಪಡೆಯಲಾಯಿತು. ಅಪರಾಧಿಯ ಕೃತ್ಯದ ಹೊಣೆಯನ್ನು ಹೆಣ್ಣಿನ ಓಡಾಟದ ಮೇಲೆ ಹೊರಿಸುವ ಧೋರಣೆ ತರಗತಿಯಲ್ಲಿ ಮಾತ್ರ ಹುಟ್ಟುವುದಲ್ಲ. ಹಿರಿಯರಿಂದಲೂ ಇಳಿದು ಬರುತ್ತದೆ ಎಂಬುದಕ್ಕೆ ಇವೆರಡೂ ನಿದರ್ಶನ.

ಕೆ.ಆರ್.ನಗರದ ಪ್ರಕರಣ

2024ರ ಏಪ್ರಿಲ್‌ನಲ್ಲಿ ಹಾಸನದಲ್ಲಿ ಮಹಿಳೆಯರ ವಿಡಿಯೊಗಳಿದ್ದ ಪೆನ್‌ಡ್ರೈವ್‌ಗಳು ಹರಿದಾಡಿದವು. ಮೇ ತಿಂಗಳಲ್ಲಿ ಕೆ.ಆರ್.ನಗರ ಪೊಲೀಸ್ ಠಾಣೆಯಲ್ಲಿ ಮಹಿಳೆಯೊಬ್ಬರ ಅಪಹರಣದ ದೂರು ದಾಖಲಾಯಿತು. ಆಕೆಯ ಮೇಲಿನ ಅತ್ಯಾಚಾರ ಪ್ರಕರಣದಲ್ಲಿ ಬೆಂಗಳೂರಿನ ವಿಶೇಷ ನ್ಯಾಯಾಲಯವು ಮಾಜಿ ಸಂಸದ ಪ್ರಜ್ವಲ್ ರೇವಣ್ಣ ಅವರಿಗೆ 2025ರ ಆಗಸ್ಟ್ 2ರಂದು ಜೀವಾವಧಿ ಶಿಕ್ಷೆ ವಿಧಿಸಿತು. ತೀರ್ಪಿನ ವಿರುದ್ಧ ಮೇಲ್ಮನವಿ ಸಲ್ಲಿಕೆಯಾಗಿದೆ. ವಿಡಿಯೊವನ್ನು ಕುತೂಹಲಕ್ಕೆಂದು ಮತ್ತೊಬ್ಬರಿಗೆ ಕಳುಹಿಸಿದ ಪ್ರತಿಯೊಬ್ಬರೂ ಆ ಮಹಿಳೆಯರ ನೋವನ್ನು ಹೆಚ್ಚಿಸಿದವರೇ. ಲೈಂಗಿಕ ದೃಶ್ಯಗಳನ್ನು ಮೊಬೈಲ್ ಮೂಲಕ ಹಂಚುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಎ ಕಲಮಿನಡಿ, ಮೊದಲ ಬಾರಿಗೇ ಐದು ವರ್ಷದವರೆಗೆ ಜೈಲು ಶಿಕ್ಷೆಗೆ ಅರ್ಹವಾದ ಅಪರಾಧ.

ತಪ್ಪು ಕಲ್ಪನೆಗಳು, ವಾಸ್ತವ

* ‘ಅಪರಿಚಿತರೇ ಕಾರಣ’: ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ ವಾರ್ಷಿಕ ವರದಿಗಳ ಪ್ರಕಾರ ದಾಖಲಾದ ಅತ್ಯಾಚಾರ ಪ್ರಕರಣಗಳಲ್ಲಿ ಶೇ 90ಕ್ಕೂ ಹೆಚ್ಚು ಆರೋಪಿಗಳು ಸಂತ್ರಸ್ತೆಗೆ ಪರಿಚಿತರು.

* ‘ತಡವಾಗಿ ದೂರು ಕೊಟ್ಟರೆ ಸುಳ್ಳು’: ಗುರ್ಮಿತ್ ಸಿಂಗ್ ಪ್ರಕರಣದಲ್ಲಿ (1996) ಸುಪ್ರೀಂ ಕೋರ್ಟ್, ಮಾನಮರ್ಯಾದೆಯ ಅಂಜಿಕೆಯಿಂದ ಆಗುವ ವಿಳಂಬವನ್ನೇ ಮುಂದಿಟ್ಟು ದೂರನ್ನು ತಳ್ಳಿಹಾಕಲಾಗದು ಎಂದಿದೆ.

* ‘ಪ್ರತಿಭಟಿಸದಿದ್ದರೆ ಒಪ್ಪಿಗೆ’: ಮಥುರಾ ಪ್ರಕರಣದ ತೀರ್ಪಿನಲ್ಲಿ ಗಾಯದ ಗುರುತಿಲ್ಲದಿರುವುದನ್ನು ಒಪ್ಪಿಗೆಯ ಸೂಚನೆಯೆಂದು ಪರಿಗಣಿಸಿದ್ದು ದೇಶದಾದ್ಯಂತ ಪ್ರತಿಭಟನೆಗೆ ಕಾರಣವಾಗಿ, 1983ರಲ್ಲಿ ಕಾನೂನೇ ಬದಲಾಯಿತು. ದೈಹಿಕ ಪ್ರತಿರೋಧ ಇಲ್ಲದಿರುವುದು ಒಪ್ಪಿಗೆಯಲ್ಲ ಎಂದು ಇಂದಿನ ಕಾನೂನು ಸ್ಪಷ್ಟಪಡಿಸುತ್ತದೆ.

* ‘ಅವಳ ನಡತೆಯೇ ಸರಿಯಿಲ್ಲ’: ಒಪ್ಪಿಗೆಯ ಪ್ರಶ್ನೆ ನಿರ್ಧರಿಸುವಾಗ ಆಕೆಯ ನಡತೆ ಅಥವಾ ಹಿಂದಿನ ಸಂಬಂಧಗಳು ಅಪ್ರಸ್ತುತ. 2020ರ ಜೂನ್‌ನಲ್ಲಿ ಕರ್ನಾಟಕ ಹೈಕೋರ್ಟಿನ ಜಾಮೀನು ಆದೇಶವೊಂದರಲ್ಲಿ, ಕೃತ್ಯದ ನಂತರ ನಿದ್ರಿಸಿದ್ದು ಭಾರತೀಯ ನಾರಿಗೆ ತಕ್ಕುದಲ್ಲ ಎಂಬರ್ಥದ ಉಲ್ಲೇಖವಿತ್ತು. ಟೀಕೆ ಬಂದ ಬಳಿಕ ಅದನ್ನು ಆದೇಶದಿಂದ ತೆಗೆದುಹಾಕಲಾಯಿತು.

ಏಕೆ ಹೀಗೆ?

ಒಳ್ಳೆಯವರಿಗೆ ಕೆಟ್ಟದ್ದಾಗದು ಎಂಬ ನಂಬಿಕೆ ಮನುಷ್ಯನಿಗೆ ನೆಮ್ಮದಿ ಕೊಡುತ್ತದೆ. ಅಮೆರಿಕದ ಮನೋವಿಜ್ಞಾನಿ ಮೆಲ್ವಿನ್ ಲರ್ನರ್ ಇದನ್ನು ವಿವರವಾಗಿ ಅಧ್ಯಯನ ಮಾಡಿದರು. ‘ಆಕೆ ಅಲ್ಲಿಗೆ ಹೋದದ್ದರಿಂದ ಹೀಗಾಯಿತು, ನಾನು ಹೋಗುವುದಿಲ್ಲ’ ಎಂದುಕೊಳ್ಳುವ ವಿದ್ಯಾರ್ಥಿನಿ ತನಗೆ ತಾನೇ ಧೈರ್ಯ ಹೇಳಿಕೊಳ್ಳುತ್ತಿರುತ್ತಾಳೆ. ಆದುದರಿಂದ ಸಂತ್ರಸ್ತೆಯನ್ನು ದೂರುವವರು ಗಂಡುಮಕ್ಕಳು ಮಾತ್ರವಲ್ಲ. ಜಾತಿ, ಬಡತನಗಳೂ ಸೇರಿದಾಗ ಆಕೆಯ ಮಾತಿಗೆ ದೊರೆಯುವ ಬೆಲೆ ಮತ್ತಷ್ಟು ಇಳಿಯುತ್ತದೆ. ಹಾಡಿಯ ಜೇನುಕುರುಬ ಅಥವಾ ಯರವ ಹುಡುಗಿಗೆ ಠಾಣೆಯ ಮೆಟ್ಟಿಲು ಇನ್ನೂ ಎತ್ತರ.

ಕಾಲೇಜಿನ ಹೊಣೆ

2013ರ ಕಾಯ್ದೆ ಹಾಗೂ ಯುಜಿಸಿಯ 2015ರ ನಿಯಮಾವಳಿಯಂತೆ ಕಾಲೇಜುಗಳಲ್ಲಿ ಆಂತರಿಕ ದೂರು ಸಮಿತಿ ಇರಲೇಬೇಕು. ವಿದ್ಯಾರ್ಥಿಗಳಿಗೆ ಸಂಬಂಧಿಸಿದ ದೂರಾದರೆ ಸಮಿತಿಯಲ್ಲಿ ಮೂವರು ವಿದ್ಯಾರ್ಥಿ ಪ್ರತಿನಿಧಿಗಳಿರಬೇಕು. ದೂರು ನೀಡಲು ಮೂರು ತಿಂಗಳ ಕಾಲಾವಕಾಶವಿದ್ದು, ಸಕಾರಣವಿದ್ದರೆ ಇನ್ನೂ ಮೂರು ತಿಂಗಳು ವಿಸ್ತರಿಸಬಹುದು. ಸಮಿತಿ ಸದಸ್ಯರ ಹೆಸರು ಸೂಚನಾ ಫಲಕದಲ್ಲಿದೆಯೇ ಎಂದು ಕೇಳುವುದು ಪ್ರತಿ ವಿದ್ಯಾರ್ಥಿಯ ಹಕ್ಕು.

ಸಹಪಾಠಿಗಳು ಮಾಡಬೇಕಾದುದು

* ಮಾತನ್ನು ಪೂರ್ತಿ ಕೇಳಿ, ‘ಏಕೆ ಹೋದೆ?’ ಎನ್ನಬೇಡಿ.

* ಹೆಸರು, ಚಿತ್ರ ಹಂಚಬೇಡಿ. ಅತ್ಯಾಚಾರ ಸಂತ್ರಸ್ತೆಯ ಗುರುತು ಪ್ರಕಟಿಸಿದರೆ ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಮಿನಡಿ ಎರಡು ವರ್ಷದವರೆಗೆ ಜೈಲು ಶಿಕ್ಷೆಯಿದೆ.

* ಆಕೆ ಬಯಸಿದರೆ ಆಸ್ಪತ್ರೆಗೆ ಜೊತೆಗೆ ಹೋಗಿ. ಸರ್ಕಾರಿ, ಖಾಸಗಿ ಎನ್ನದೆ ಎಲ್ಲ ಆಸ್ಪತ್ರೆಗಳೂ ಉಚಿತ ಚಿಕಿತ್ಸೆ ನೀಡಬೇಕು.

* ಘಟನೆ ಎಲ್ಲೇ ನಡೆದಿರಲಿ, ಯಾವುದೇ ಠಾಣೆಯಲ್ಲಿ ದೂರು ದಾಖಲಿಸಬಹುದು. ಹೇಳಿಕೆಯನ್ನು ಮಹಿಳಾ ಅಧಿಕಾರಿಯೇ ಬರೆದುಕೊಳ್ಳಬೇಕು.

ತುರ್ತು ನೆರವಿಗೆ 112, ಮಹಿಳಾ ಸಹಾಯವಾಣಿ 181, ಹದಿನೆಂಟರೊಳಗಿನವರಿಗೆ ಮಕ್ಕಳ ಸಹಾಯವಾಣಿ 1098.