ಶಾಖವನ್ನುಂಡು ಉರಿಯುವ ಇಂಧನ

ಪೆಟ್ರೋಲಿಯಂ ಎಣ್ಣೆಯ ನೀಳ ಅಣುಗಳನ್ನು ಒಡೆದು ಕಿರಿದಾಗಿಸುವ ಭಂಜನ ಕ್ರಿಯೆ, ಅಂದರೆ ಸಂಸ್ಕರಣಾಗಾರಗಳಲ್ಲಿ ಕ್ರ್ಯಾಕಿಂಗ್ ಎನಿಸಿಕೊಳ್ಳುವ ಕೆಲಸ, ಹೊರಗಿನಿಂದ ಶಾಖವನ್ನು ಹೀರಿಕೊಂಡೇ ನಡೆಯುವುದರಿಂದ ಅದನ್ನು ಅಂತರುಷ್ಣಕ ಕ್ರಿಯೆಯೆಂದು ಕರೆಯಲಾಗುತ್ತದೆ. ಎಣ್ಣೆ ಉದ್ಯಮಕ್ಕೆ ಈ ಗುಣ ಬರಿಯ ಖರ್ಚಿನ ಬಾಬತ್ತಾಗಿತ್ತು. ವಿಮಾನ ವಿಜ್ಞಾನಕ್ಕೆ ಅದೇ ಗುಣ ವರವಾಗಿ ಕಂಡದ್ದು ಬಹಳ ತಡವಾಗಿ.

ಫ್ರಾನ್ಸಿನ ಎಂಜಿನಿಯರ್ ಯೂಜೀನ್ ಹೂಡ್ರಿ, ಆಮ್ಲದಿಂದ ಹದಗೊಳಿಸಿದ ಜೇಡಿಮಣ್ಣು ಭಂಜನಕ್ಕೆ ವೇಗವರ್ಧಕವಾಗುತ್ತದೆಂದು, ಎಂದರೆ ತಾನು ವ್ಯಯವಾಗದೆ ಕ್ರಿಯೆಯನ್ನು ಚುರುಕುಗೊಳಿಸುತ್ತದೆಂದು ಕಂಡುಕೊಂಡನು. ಅವನ ವಿಧಾನವನ್ನು ಅನುಸರಿಸಿದ ದೊಡ್ಡ ಘಟಕ 1937ರಲ್ಲಿ ಪೆನ್ಸಿಲ್ವೇನಿಯಾದ ಮಾರ್ಕಸ್ ಹುಕ್‌ನಲ್ಲಿ ಕೆಲಸಕ್ಕಿಳಿಯಿತು. ಭಂಜನ ನಡೆದಂತೆ ವೇಗವರ್ಧಕದ ಮೇಲೆ ಕೋಕ್ ಎಂಬ ಇಂಗಾಲದ ಕರಿ ಕಟ್ಟಿಕೊಂಡು ಅದರ ಚುರುಕನ್ನು ಕುಂದಿಸುತ್ತದೆ. 1942ರಲ್ಲಿ ಲೂಸಿಯಾನಾದ ಬ್ಯಾಟನ್ ರೂಜ್‌ನಲ್ಲಿ ಆರಂಭವಾದ ಹೊಸ ಬಗೆಯ ಘಟಕವು ವೇಗವರ್ಧಕದ ಪುಡಿಯನ್ನು ದ್ರವದಂತೆ ಹರಿಸಿ, ಆ ಕರಿಯನ್ನು ಬೇರೊಂದು ಪಾತ್ರೆಯಲ್ಲಿ ಸುಟ್ಟು, ಕಾದ ಪುಡಿಯ ಶಾಖವನ್ನೇ ಮತ್ತೆ ಭಂಜನಕ್ಕೆ ಒದಗಿಸಿತು. ಕಸವನ್ನೇ ಉರುವಲಾಗಿಸಿದ ಈ ಏರ್ಪಾಟು ಇಪ್ಪತ್ತನೆಯ ಶತಮಾನದ ರಾಸಾಯನಿಕ ತಂತ್ರಜ್ಞಾನದ ಅತ್ಯಂತ ಜಾಣ ಕಲ್ಪನೆಗಳಲ್ಲಿ ಒಂದು. 1960ರ ದಶಕದಲ್ಲಿ ಮೊಬಿಲ್ ಕಂಪನಿಯ ಚಾರ್ಲ್ಸ್ ಪ್ಲ್ಯಾಂಕ್ ಮತ್ತು ಎಡ್ವರ್ಡ್ ರೋಸಿನ್ಸ್ಕಿ ಅವರ ಶ್ರಮದಿಂದ, ಅಣುಗಾತ್ರದ ರಂಧ್ರಗಳುಳ್ಳ ಜಿಯೋಲೈಟ್ ಹರಳುಗಳು ಮಣ್ಣಿನ ಸ್ಥಾನಕ್ಕೆ ಬಂದವು.

ಅದೇ ದಶಕದಲ್ಲಿ ಶಬ್ದದ ಮೂರು ಪಟ್ಟು ವೇಗವನ್ನು ಮೀರಿದ ಅಮೆರಿಕದ ಎಸ್‌ಆರ್-71 ವಿಮಾನ, ತನ್ನ ಕಾವನ್ನು ಜೆಪಿ-7 ಇಂಧನಕ್ಕೆ ದಾಟಿಸಿ ತಂಪಾಗುತ್ತಿತ್ತು. ಅಲ್ಲಿ ಇಂಧನ ಬಿಸಿಯಾಗುತ್ತಿತ್ತೇ ಹೊರತು ಒಡೆಯುತ್ತಿರಲಿಲ್ಲ. ಐದು ಪಟ್ಟು ವೇಗದಲ್ಲಿ ಎದುರಾಗುವ ಗಾಳಿಯೇ ವಿಪರೀತ ಬಿಸಿಯಾಗುವುದರಿಂದ ಅಷ್ಟು ಸಾಲದು. ಆಗ ಸಂಶೋಧಕರು ಮೀಥೈಲ್‌ಸೈಕ್ಲೋಹೆಕ್ಸೇನ್ ಎಂಬ ದ್ರವವನ್ನು ಪ್ಲಾಟಿನಂ ವೇಗವರ್ಧಕದ ಮೇಲೆ ಹರಿಸಿ, ಅದು ಟಾಲೀನ್ ಮತ್ತು ಹೈಡ್ರೋಜನ್ ಆಗಿ ಬೇರ್ಪಡುವಾಗ ಹೀರುವ ಅಪಾರ ಶಾಖವನ್ನು ಬಳಸಿಕೊಳ್ಳಲು ನೋಡಿದರು. ಪ್ಲಾಟಿನಂ ದುಬಾರಿ, ಶುದ್ಧವಾದ ಒಂದೇ ದ್ರವವನ್ನು ವಾಯುಪಡೆಗೆ ಬೇಕಾಗುವಷ್ಟು ಒದಗಿಸುವುದೂ ಸುಲಭವಲ್ಲ. ಆದ್ದರಿಂದ ಮುಂದಿನವರು ಸೀಮೆಎಣ್ಣೆಯ ಜಾತಿಯ ಸಾಮಾನ್ಯ ಇಂಧನಗಳಿಗೆ ಮರಳಿ, ತಂಪುಕೊಳವೆಗಳ ಒಳಗೋಡೆಗೆ ಜಿಯೋಲೈಟಿನ ತೆಳು ಲೇಪ ಕೊಡುವ ದಾರಿ ಹಿಡಿದರು.

ಇಲ್ಲಿ ಹಳೆಯ ಕೋಕ್ ಬೇರೆಯೇ ರೂಪ ತಾಳಿತು. ಸಂಸ್ಕರಣಾಗಾರದಲ್ಲಿ ಅದನ್ನು ಸುಡಲು ಜಾಗವೂ ಸಮಯವೂ ಇತ್ತು. ಹಾರುತ್ತಿರುವ ಎಂಜಿನ್ನಿನ ಕಿರುಗೊಳವೆಯಲ್ಲಿ ಎರಡೂ ಇಲ್ಲ, ಕರಿ ಕಟ್ಟಿದರೆ ಹರಿವು ನಿಂತು ಗೋಡೆಯೇ ಕರಗುವ ಅಪಾಯವಿದೆ. ಜೆಪಿ-7 ಇಂಧನವನ್ನೇ ಎಂಜಿನ್ನಿನ ಗೋಡೆಗಳೊಳಗೆ ಹರಿಸಿ ತಂಪುಮಾಡಿಕೊಂಡ ಅಮೆರಿಕದ ಪ್ರಾಯೋಗಿಕ ವಿಮಾನ ಎಕ್ಸ್-51ಎ, 2013ರ ಮೇ 1ರಂದು ಶಬ್ದದ 5.1 ಪಟ್ಟು ವೇಗ ಮುಟ್ಟಿತಾದರೂ ಅದರ ಇಡೀ ಹಾರಾಟ ಕೆಲವೇ ನಿಮಿಷಗಳದು. ಹೈದರಾಬಾದಿನ ರಕ್ಷಣಾ ಸಂಶೋಧನಾ ಪ್ರಯೋಗಾಲಯವಾದ ಡಿಆರ್‌ಡಿಎಲ್ ದೇಶೀಯ ಅಂತರುಷ್ಣಕ ಇಂಧನವನ್ನು ರೂಪಿಸಿರುವುದಾಗಿ 2025ರ ಜನವರಿಯಲ್ಲಿ, 120 ಸೆಕೆಂಡುಗಳ ನೆಲಪರೀಕ್ಷೆಯ ಜೊತೆಗೆ ಪ್ರಕಟವಾಯಿತು. ಏಪ್ರಿಲ್‌ನಲ್ಲಿ ಶಬ್ದಾತೀತ ವೇಗದ ಗಾಳಿಯಲ್ಲೇ ಇಂಧನವನ್ನು ಉರಿಸುವ ಅಲ್ಲಿಯ ಸ್ಕ್ರ್ಯಾಮ್‌ಜೆಟ್ ದಹನಕೋಶ 1,000 ಸೆಕೆಂಡುಗಳಿಗೂ ಮೀರಿ ಉರಿಯಿತು.