ಕಾಫಿ ಸೀಮೆಯ ಜೀಪು ಮತ್ತು ಅದರ ಮೂರು ಗೇರು

ಬಾಳ್ಳುಪೇಟೆ, ಸಕಲೇಶಪುರ ಕಡೆಯ ತೋಟಗಳ ದಾರಿಗೆ ಹಳೆಯ ವಾಹನಗಳಲ್ಲಿ ಚೆನ್ನಾಗಿ ಒಗ್ಗಿದ್ದು ಜೀಪು. ಎರಡನೇ ಮಹಾಯುದ್ಧಕ್ಕೆಂದು ಅಮೆರಿಕದಲ್ಲಿ ತಯಾರಾದ ವಿಲ್ಲಿಸ್ ಜೀಪನ್ನು ಮಹೀಂದ್ರ ಕಂಪನಿ 1940ರ ದಶಕದ ಕೊನೆಗೆ ಮುಂಬಯಿಯಲ್ಲಿ ಜೋಡಿಸತೊಡಗಿತು. ಮಳೆಗಾಲದ ಕೆಸರು, ಕೊಯ್ಲಿನ ಕಾಲದ ಮೂಟೆ ಎರಡಕ್ಕೂ ನಾಲ್ಕು ಚಕ್ರದ ಎಳೆತ ಬೇಕಿತ್ತು.

ಆ ಜೀಪಿಗೆ ಮುಂದಕ್ಕೆ ಮೂರೇ ಗೇರು. ಎರಡು ಮತ್ತು ಮೂರನೆಯದಕ್ಕೆ ಮಾತ್ರ ಸಿಂಕ್ರೋಮೆಶ್. ಹಲ್ಲುಗಳು ಕೂಡುವ ಮೊದಲೇ ಉಜ್ಜಿ ವೇಗ ಸಮ ಮಾಡುವ ಈ ಏರ್ಪಾಡು 1928ರ ಕ್ಯಾಡಿಲಾಕ್ ಕಾರಿನಲ್ಲಿ ಮೊದಲು ಬಂತು. 1952ರಲ್ಲಿ ಪೋರ್ಷೆ 356 ಸ್ಪೋರ್ಟ್ಸ್ ಕಾರಿನ ಮುಂದಿನ ಗೇರುಗಳಿಗೆಲ್ಲ ಸಿಕ್ಕಿತು. ಜೀಪಿನ ಫಸ್ಟ್ ಗೇರಿಗೆ ಅದಿಲ್ಲದ್ದರಿಂದ ಏರಿನಲ್ಲಿ ಓಡುತ್ತಲೇ ಫಸ್ಟಿಗೆ ಇಳಿಸುವುದು ಕೈಗೂ ಕಾಲಿಗೂ ಪಳಗಬೇಕಾದ ಕೆಲಸ. ಕ್ಲಚ್ ಒತ್ತಿ ನ್ಯೂಟ್ರಲ್ಲಿಗೆ ತಂದು, ಕ್ಲಚ್ ಬಿಟ್ಟು ಆಕ್ಸಿಲರೇಟರ್ ಕೊಂಚ ತುಳಿದು, ಮತ್ತೆ ಕ್ಲಚ್ ಒತ್ತಿ ಗೇರು ಹಾಕಬೇಕು. ಇದೇ ಡಬಲ್ ಕ್ಲಚ್. ತಪ್ಪಿದರೆ ಕರಕರ ಸದ್ದು; ಹಲ್ಲುಗಳ ತುದಿ ಸವೆದು ಮೊಂಡಾಗುತ್ತದೆ.

ನಿಗಾ ಬೇಕಾದದ್ದು ಆಯಿಲ್ಲಿನ ಮೇಲೆ. ಗೇರ್‌ಬಾಕ್ಸಿಗೂ ನಾಲ್ಕೂ ಚಕ್ರಕ್ಕೆ ಎಳೆತ ಹಂಚುವ ಹಿಂದಿನ ಟ್ರಾನ್ಸ್‌ಫರ್ ಕೇಸಿಗೂ ನಡುವಣ ಸೀಲ್ ಸವೆದರೆ ಆಯಿಲ್ ಒಂದರಿಂದ ಇನ್ನೊಂದಕ್ಕೆ ಹರಿಯುತ್ತದೆ. ಹೊರಗೆ ಹನಿಯೂ ಬೀಳದ ಕಾರಣ ಈ ಕೊರತೆ ಬೇಗ ಕಣ್ಣಿಗೆ ಬೀಳುವುದಿಲ್ಲ, ಹಾಗಾಗಿ ಎರಡರ ಮಟ್ಟವನ್ನೂ ಬೇರೆಬೇರೆಯಾಗಿ ನೋಡಲೇಬೇಕು. ಹಳ್ಳ ದಾಟಿದ ಮೇಲೆ ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು ಹೊಕ್ಕಿದೆ, ತಡಮಾಡದೆ ಬದಲಿಸಬೇಕು. ಸಿಂಕ್ರೋಮೆಶ್‌ನ ಹಿತ್ತಾಳೆ ಬಳೆಗಳಿಗೆ ಜಿಎಲ್-4 ದರ್ಜೆಯ ಆಯಿಲ್ಲೇ ಕ್ಷೇಮ. ಜಿಎಲ್-5ರಲ್ಲಿ ಹೆಚ್ಚಿರುವ ಗಂಧಕದ ಅಂಶ ಹಿತ್ತಾಳೆಯನ್ನು ತಿನ್ನಬಲ್ಲದು.